ಒಂದು ಗಾಳಿ, ಎರಡು ಮಾಡು

2021ರ ಮೇ 15ರಂದು ತೌಕ್ತೆ ಚಂಡಮಾರುತ ಉಡುಪಿ, ದಕ್ಷಿಣ ಕನ್ನಡದ ಕರಾವಳಿಯನ್ನು ಸವರಿಕೊಂಡು ಹೋಯಿತು. ಎರಡು ದಿನ ಬಿಟ್ಟು, 17ರ ಸೋಮವಾರ, ಅದೇ ಗಾಳಿ ಇನ್ನಷ್ಟು ಬಲಿತು ಮುಂಬೈ ಎದುರಿನ ಕಡಲಿನಲ್ಲಿ ಹಾದು ಗುಜರಾತಿನತ್ತ ಸಾಗಿತು. ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿತ್ತು. ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ 230 ಮಿಲಿಮೀಟರ್ ಮಳೆ. ಮೇ ತಿಂಗಳಿನಲ್ಲಿ ಅಷ್ಟು ಮಳೆ ಈ ಊರು ಕಂಡಿರಲಿಲ್ಲ. ಬಾಂಬೆ ಹೈ ಹತ್ತಿರ ಪಿ-305 ಎಂಬ ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದರ ಮುಂದೆ ನಾನು ಹೇಳಹೊರಟಿರುವುದು ಸಣ್ಣ ಸಂಗತಿ: ಆ ಒಂದೇ ಗಾಳಿ ನಮ್ಮ ಕುಟುಂಬದ ಎರಡು ಮಾಡುಗಳನ್ನು ಕೆಡವಿತು. ಕಾಪು ಹತ್ತಿರದ ಹಳೆಯ ಮನೆಯದ್ದು ನಾಲ್ಕು ದಿನದಲ್ಲಿ ಸರಿಯಾಯಿತು. ಮುಲುಂಡಿನ ನಮ್ಮ ಸೊಸೈಟಿಯದ್ದಕ್ಕೆ ಒಂದು ವರ್ಷ ಹಿಡಿಯಿತು.

ಊರಿನ ಮನೆ ಹಂಚಿನದು. ತೆಂಗಿನ ಮರದಿಂದ ಮಡಲು ಬಿದ್ದು ಒಂದು ಮೂಲೆಯ ರೀಪು ಮುರಿದಿತ್ತು, ಅರವತ್ತರಷ್ಟು ಹಂಚು ಹಾರಿ ಅಂಗಳದಲ್ಲಿ ಪುಡಿಯಾಗಿದ್ದವು. ದೊಡ್ಡಪ್ಪ ಫೋನಿನಲ್ಲಿ ಇದನ್ನು ಹೇಳುವಾಗ ಅವರ ದನಿಯಲ್ಲಿ ಗಾಬರಿಯೇನೂ ಇರಲಿಲ್ಲ. ಹಟ್ಟಿಯ ಹಿಂದೆ ಹಳೆಯ ಹಂಚು ಅಡಕಿ ಇಟ್ಟಿದ್ದರು. ಒಂದೊಂದು ಕಾರ್ಖಾನೆಯ ಹಂಚಿನ ಕಚ್ಚು ಒಂದೊಂದು ತರ. ಬೇರೆ ಮುದ್ರೆಯ ಹಂಚು ತಂದರೆ ಪಕ್ಕದ್ದಕ್ಕೆ ಸರಿಯಾಗಿ ಕೂರುತ್ತದೆ ಎನ್ನುವ ಖಾತ್ರಿಯಿಲ್ಲ. ಅದಕ್ಕೇ ಆ ದಾಸ್ತಾನು. ಲಾಕ್‌ಡೌನ್ ಇದ್ದರೂ ಪಕ್ಕದ ಮನೆಯವನೊಬ್ಬ ಏಣಿ ಹಾಕಿ ಹತ್ತಿದ, ರೀಪು ಬದಲಿಸಿದ, ಹಂಚು ಹೊದಿಸಿದ. ಕೂಲಿ, ಮಧ್ಯಾಹ್ನದ ಊಟ, ಒಂದು ಚಹಾ. ಮುಗಿಯಿತು.

ಹಂಚಿನ ಮಾಡಿನ ಗುಣವೇ ಅದು. ಅದು ಬಿಡಿಬಿಡಿಯಾಗಿ ಕೆಡುತ್ತದೆ, ಬಿಡಿಬಿಡಿಯಾಗಿಯೇ ರಿಪೇರಿಯಾಗುತ್ತದೆ. ಒಂದು ಹಂಚಿನ ತೂಕ ಎರಡೂವರೆ ಕಿಲೋ ಆಸುಪಾಸು. ಚದರ ಮೀಟರಿಗೆ ಹದಿನೈದು ಹಂಚು ಅಂದರೂ ಸುಮಾರು 40 ಕಿಲೋ ಭಾರ ಮಾಡಿನ ಮೇಲೆ ಕೂತಿರುತ್ತದೆ. ಸಂದಿಗಳಲ್ಲಿ ಗಾಳಿ ಒಳಗೂ ಹೊರಗೂ ಆಡುವುದರಿಂದ ಒತ್ತಡ ಒಂದೇ ಕಡೆ ಕಟ್ಟಿಕೊಳ್ಳುವುದಿಲ್ಲ. ಅಂಚಿನ ಹಂಚು ಹಾರುತ್ತದೆ, ಇಡೀ ಮಾಡು ಹಾರುವುದು ಅಪರೂಪ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಈ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ದಂಡೆಯ ಆವೆಮಣ್ಣು ಮಚವೆಗಳಲ್ಲಿ ಮುಂಬೈಗೂ ಬಂತು. ಗಿರ್ಗಾಂವ್, ಪರೇಲಿನ ಹಳೆಯ ಚಾಳುಗಳ ಇಳಿಜಾರು ಮಾಡುಗಳನ್ನು ನೋಡಿ; ಮರಾಠಿಯಲ್ಲಿ ಇಂದಿಗೂ ಅದಕ್ಕೆ ‘ಮಂಗಳೋರಿ ಕೌಲ’ ಎಂದೇ ಹೆಸರು. ನಮ್ಮವರ ಉಡುಪಿ ಹೋಟೆಲುಗಳಿಗಿಂತ ಮೊದಲು ಈ ಊರಿಗೆ ಬಂದದ್ದು ನಮ್ಮೂರಿನ ಹಂಚು.

ಹಾಗೆಂದು ಹಂಚಿನ ಮನೆಯ ಗುಣಗಾನ ಮಾಡುವ ಇರಾದೆ ನನಗಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಯಾರಾದರೂ ಹತ್ತಲೇಬೇಕು. ಮಂಗ, ಗೆದ್ದಲು, ಕಸ ಎಲ್ಲವೂ ಇವೆ. ಹತ್ತುವ ಜನ ಕಡಿಮೆಯಾದರು, ಹಂಚಿನ ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕಿದವು. ಈಗ ಊರಿಗೆ ಹೋದರೆ ಕಾಣುವುದು ಆರ್‌ಸಿಸಿ ಟೆರೇಸು, ಅದು ಸೋರಿತೆಂದು ಅದರ ಮೇಲೊಂದು ಬಣ್ಣದ ಶೀಟಿನ ಮಾಡು. ಮುಂಬೈಯಲ್ಲಿ ನಾವು ಮಾಡಿದ್ದೂ ಅದನ್ನೇ.

ನಮ್ಮ ಕಟ್ಟಡ ತೊಂಬತ್ತರ ದಶಕದ್ದು. ಏಳು ಮಾಳಿಗೆ, 28 ಮನೆ, 4,000 ಚದರ ಅಡಿಯ ಗಚ್ಚಿ. ಮುಂಬೈಯ ಆ ಕಾಲದ ಕಟ್ಟಡಗಳ ಗಚ್ಚಿಯ ಮೇಲೆ ಸಾಧಾರಣವಾಗಿ ಇರುವುದು ಬ್ರಿಕ್‌ಬ್ಯಾಟ್ ಕೋಬಾ. ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರುಗಳನ್ನು ಸಿಮೆಂಟ್ ಗಾರೆಯಲ್ಲಿ ಜೋಡಿಸಿ, ನೀರು ಹೋಗುವ ಪೈಪಿನ ಕಡೆಗೆ ಇಳಿಜಾರು ಕೊಟ್ಟು, ಮೇಲೆ ಗಿಲಾವು ಅಥವಾ ಒಡೆದ ಟೈಲಿನ ಚೂರು ಹಾಕುತ್ತಾರೆ. ಗೋಡೆ ಮತ್ತು ನೆಲ ಕೂಡುವಲ್ಲಿ ಗುಂಡಾಗಿ ಮೆತ್ತುವುದಕ್ಕೆ ‘ವಾಟಾ’ ಅನ್ನುತ್ತಾರೆ. ನಾಲ್ಕೈದು ಇಂಚಿನ ಈ ಪದರ ಚೆನ್ನಾಗಿ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಮೇ ತಿಂಗಳಿನ ಬಿಸಿಲಿಗೆ ಹಿಗ್ಗಿ, ಜೂನ್ ಮಳೆಗೆ ಕುಗ್ಗಿ ಕೂದಲೆಳೆಯ ಬಿರುಕು ಬಿಟ್ಟ ಮೇಲೆ ಮಾತ್ರ ಕಥೆ ಬದಲಾಗುತ್ತದೆ. ಇಟ್ಟಿಗೆ ನೀರು ಕುಡಿಯುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ, ನಿಧಾನವಾಗಿ ಬಿಡುತ್ತದೆ. ಏಳನೆಯ ಮಾಳಿಗೆಯ ರಾಯರು ಹೇಳುತ್ತಿದ್ದರು, “ಹೊರಗೆ ಮಳೆ ನಿಂತ ಮೇಲೆ ನಮ್ಮ ಮನೆಯಲ್ಲಿ ಶುರು ಮಾರಾಯ.” ನೀರು ತೊಟ್ಟಿಕ್ಕುವ ಜಾಗ ಒಂದು, ಬಿರುಕು ಇರುವ ಜಾಗ ಇನ್ನೊಂದು, ನಡುವೆ ಇಪ್ಪತ್ತು ಅಡಿ ಅಂತರವೂ ಇರಬಹುದು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ದೋಷದ ಮೂಲ ಹುಡುಕುವುದು ಕಷ್ಟ ಅಂದುಕೊಂಡಿದ್ದವನು ನಾನು. ಅಲ್ಲಿ ಕನಿಷ್ಠ ಲಾಗ್ ಫೈಲ್ ಇರುತ್ತದೆ.

ಸೋರುವ ಕೋಬಾ ಒಡೆದು ಹೊಸದು ಹಾಕುವುದು ಖರ್ಚಿನ, ಧೂಳಿನ, ಗದ್ದಲದ ಕೆಲಸ. ಹಳೆಯದರ ಮೇಲೆಯೇ ಇನ್ನೊಂದು ಕೋಬಾ ಹಾಕಿದರೆ ಸ್ಲ್ಯಾಬಿನ ಮೇಲೆ ಚದರ ಮೀಟರಿಗೆ ಇನ್ನೂ 200 ಕಿಲೋದಷ್ಟು ಭಾರ ಏರುತ್ತದೆ. ಹಳೆಯ ಕಟ್ಟಡಕ್ಕೆ ಅದು ಅಪಾಯ. ಹಾಗಾಗಿ ಹೆಚ್ಚಿನ ಸೊಸೈಟಿಗಳು ಆರಿಸಿಕೊಳ್ಳುವ ಹಾದಿ ಪತ್ರಾ ಶೆಡ್: ಪ್ಯಾರಾಪೆಟ್ಟಿಗೆ ಲೋಖಂಡದ ಆ್ಯಂಗಲ್ ಕೂರಿಸಿ ಮೇಲೆ ಬಣ್ಣದ ಶೀಟು. ನಮ್ಮಲ್ಲೂ ಹಿಂದಿನ ಕಮಿಟಿಯವರು ಹಾಕಿಸಿದ್ದರು. ಆಮೇಲೆ ಹಲವು ಮಳೆಗಾಲ ಯಾರೂ ಗಚ್ಚಿಗೆ ಹತ್ತಿ ನೋಡಲಿಲ್ಲ.

17ರ ಮಧ್ಯಾಹ್ನ ಆ ಮಾಡಿನ ಮುಕ್ಕಾಲು ಪಾಲು ಕಿತ್ತು ಹೋಯಿತು. ಕೆಲವು ಶೀಟು ಗಚ್ಚಿಯಲ್ಲೇ ಮಡಚಿ ಬಿದ್ದವು, ಕೆಲವು ಹಿಂದಿನ ಗಲ್ಲಿಗೆ. ಲಾಕ್‌ಡೌನಿನಿಂದಾಗಿ ಗಲ್ಲಿ ಖಾಲಿ ಇದ್ದುದು ಪುಣ್ಯ. ಗ್ರೂಪಿನಲ್ಲಿ ಎಲ್ಲರದೂ ಒಂದೇ ಮಾತು: ದೇವರ ಇಚ್ಛೆ, ಇಂಥ ಗಾಳಿಗೆ ಯಾವುದು ನಿಲ್ಲುತ್ತದೆ!

ನಿಲ್ಲಬೇಕಾಗಿತ್ತು. ಲೆಕ್ಕ ಹಾಕಿ ನೋಡೋಣ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಬೀಳುವ ಒತ್ತಡ ನ್ಯೂಟನ್ನಿನಲ್ಲಿ ಸಿಗುತ್ತದೆ. 114 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 32 ಮೀಟರ್. ಒತ್ತಡ 600 ನ್ಯೂಟನ್, ಅಂದರೆ ಸುಮಾರು 60 ಕಿಲೋ ತೂಕದಷ್ಟು. ಅರ್ಧ ಮಿಲಿಮೀಟರ್ ದಪ್ಪದ ಶೀಟಿನ ತೂಕ ಚದರ ಮೀಟರಿಗೆ ಹೆಚ್ಚೆಂದರೆ 5 ಕಿಲೋ. ಮುಲುಂಡಿನಲ್ಲಿ ಕೊಲಾಬಾದಷ್ಟು ಗಾಳಿ ಇರಲಿಲ್ಲ ಎನ್ನೋಣ, ಅದರ ಅರ್ಧವೇ ಎನ್ನೋಣ. ವೇಗ ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಆಗಲೂ 15 ಕಿಲೋ. ಶೀಟಿನ ತೂಕದ ಮೂರು ಪಟ್ಟು! ಮೇಲಾಗಿ ನಾಲ್ಕೂ ಬದಿ ತೆರೆದ ಶೆಡ್ಡಿನಲ್ಲಿ ಗಾಳಿ ಕೆಳಗಿನಿಂದಲೂ ನೂಕುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಎಳೆತ ಇನ್ನೂ ಜೋರು. ಶೀಟಿನ ಮಾಡು ನಿಂತಿರುವುದು ತನ್ನ ತೂಕದಿಂದ ಅಲ್ಲವೇ ಅಲ್ಲ, ಅದನ್ನು ಹಿಡಿದಿರುವ ಸ್ಕ್ರೂಗಳಿಂದ.

ಭಾರತೀಯ ಮಾನಕ 875ರ ಮೂರನೆಯ ಭಾಗದಲ್ಲಿ ಯಾವ ಊರಿನ ಕಟ್ಟಡ ಎಷ್ಟು ಗಾಳಿಗೆ ತಯಾರಿರಬೇಕೆಂಬ ಪಟ್ಟಿಯಿದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಮುಂಬೈಗೆ 44. ಅಂದರೆ ಮುಂಬೈಯಲ್ಲಿ ಲೆಕ್ಕಾಚಾರ ಶುರುವಾಗಬೇಕಾದದ್ದೇ ಗಂಟೆಗೆ 158 ಕಿಲೋಮೀಟರಿನಿಂದ. ಕೊಲಾಬಾದಲ್ಲಿ ಅಳೆದ ತೌಕ್ತೆಯ ಗಾಳಿಯೂ ಅದಕ್ಕಿಂತ ಎಷ್ಟೋ ಕೆಳಗಿತ್ತು. ಕಿತ್ತುಬಿದ್ದ ಶೀಟುಗಳ ತೂತುಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತಿತ್ತು. ಜೆ ಆಕಾರದ ಹುಕ್ಕುಗಳು ತುಕ್ಕು ಹಿಡಿದು ಪೆನ್ಸಿಲ್ ಕಡ್ಡಿಯಷ್ಟು ಸಣ್ಣಗಾಗಿದ್ದವು, ವಾಷರುಗಳು ಪುಡಿಪುಡಿ, ಅಂಚಿನಲ್ಲಿ ಹತ್ತಿರ ಹತ್ತಿರ ಇರಬೇಕಾದ ಹುಕ್ಕುಗಳನ್ನು ನಡುವಿನಷ್ಟೇ ದೂರ ಹಾಕಿದ್ದರು. ಕಂಬಗಳನ್ನು ಕೂರಿಸಿದ್ದದ್ದು ಕಾಂಕ್ರೀಟಿನಲ್ಲೂ ಅಲ್ಲ, ಪ್ಯಾರಾಪೆಟ್ಟಿನ ಇಟ್ಟಿಗೆಯಲ್ಲಿ. ಕಂಬದ ಜೊತೆ ಇಟ್ಟಿಗೆಯೂ ಎದ್ದಿತ್ತು. ಆ ಬಿರುಕಿನಿಂದಲೇ ಆಮೇಲೆ ನೀರು ಹೆಚ್ಚು ಇಳಿದದ್ದು.

ಆ ಮಳೆಗಾಲ ಗಚ್ಚಿಯ ಮೇಲೆ ನೀಲಿ ತಾಡಪತ್ರಿ. ಜುಲೈ ಹೊತ್ತಿಗೆ ರಾಯರ ಮಲಗುವ ಕೋಣೆಯಲ್ಲಿ ಮೂರು ಬಾಲ್ದಿ, ಒಂದು ಪಾತ್ರೆ. ರಾಯರಿಗೆ ಎಪ್ಪತ್ತು ದಾಟಿದೆ. ಅವರ ಹೆಂಡತಿಗೆ ಸೊಂಟದ ಆಪರೇಷನ್ ಆಗಿ ಮಂಚದಿಂದ ಏಳುವುದಕ್ಕೂ ಆಗುತ್ತಿರಲಿಲ್ಲ. ಮಂಚವನ್ನು ಮೊದಲು ಕಿಟಕಿಯ ಕಡೆ ಸರಿಸಿದರು, ಆಮೇಲೆ ಹಾಲಿಗೆ ತಂದರು. ಆಗಸ್ಟಿನಲ್ಲಿ ಒಂದು ರಾತ್ರಿ ಕೋಣೆಯ ಛಾವಣಿಯ ಗಿಲಾವು ಕಳಚಿ, ಮಂಚ ಮೊದಲಿದ್ದ ಜಾಗದ ಮೇಲೆಯೇ ಬಿತ್ತು. ತಟ್ಟೆಯಷ್ಟು ಅಗಲದ ನಾಲ್ಕಾರು ತುಂಡು. ಒಳಗಿನ ಸರಳು ಕೆಂಪಾಗಿ ಕಾಣುತ್ತಿತ್ತು. ತುಕ್ಕು ಹಿಡಿದ ಸರಳು ಉಬ್ಬಿ ತನ್ನ ಸುತ್ತಲಿನ ಕಾಂಕ್ರೀಟನ್ನು ತಾನೇ ಒಡೆಯುತ್ತದೆ. ಸೋರಿಕೆಯನ್ನು ‘ಬಣ್ಣ ಹಾಳಾಗುವ ವಿಚಾರ’ ಎಂದುಕೊಂಡವರು ಆ ಕೋಣೆಗೆ ಬಂದು ನೋಡಬೇಕಾಗಿತ್ತು. ಹೆಚ್ಚಿನವರು ಬರಲಿಲ್ಲ.

ಸಭೆಯಲ್ಲಿ ನಡೆದದ್ದನ್ನು ಮುಂಬೈಯ ಯಾವ ಸೊಸೈಟಿಯವರಾದರೂ ಊಹಿಸಬಲ್ಲರು. ಎರಡನೆಯ ಮಾಳಿಗೆಯವರೊಬ್ಬರು, “ನಮ್ಮ ಮನೆ ಸೋರುತ್ತಿಲ್ಲವಲ್ಲ” ಎಂದರು. ಮೇಲಿನ ನಾಲ್ಕು ಮನೆಯವರು ಅರ್ಧ ಖರ್ಚು ಕೊಡಲಿ, ಉಳಿದದ್ದು ಸೊಸೈಟಿ ಕೊಡಲಿ ಎಂಬ ‘ರಾಜಿ’ಯೂ ಬಂತು. ರಾಯರು ಪಿಂಚಣಿಯವರು, ಅಷ್ಟಾದರೂ ಆಗಲಿ ಎಂದು ಒಪ್ಪುವುದಕ್ಕೂ ತಯಾರಾಗಿದ್ದರು. ಆಗ ಮಹಾರಾಷ್ಟ್ರದ ಸಹಕಾರಿ ಗೃಹ ಸಂಘಗಳ ಮಾದರಿ ಉಪನಿಯಮಗಳನ್ನು ನಾನು ಓದಿ ಹೇಳಬೇಕಾಯಿತು. ಗಚ್ಚಿ, ಪ್ಯಾರಾಪೆಟ್, ಎಲ್ಲ ಮನೆಗಳ ಛಾವಣಿಯ ರಚನಾತ್ಮಕ ರಿಪೇರಿ, ಮಳೆನೀರಿನ ಸೋರಿಕೆ: ಇವೆಲ್ಲ ಸೊಸೈಟಿಯ ಖರ್ಚಿನಲ್ಲಿ ಆಗಬೇಕಾದ ಕೆಲಸಗಳ ಪಟ್ಟಿಯಲ್ಲೇ ಇವೆ. ಮೇಲಿನವರು ಬೇರೆ, ಕೆಳಗಿನವರು ಬೇರೆ ಎಂಬ ಮಾತು ಅದರಲ್ಲಿಲ್ಲ. ಪ್ರತಿ ಮನೆಯ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.75 ರಿಪೇರಿ ನಿಧಿಗೆ, ಶೇ. 0.25 ಸಿಂಕಿಂಗ್ ಫಂಡಿಗೆ ಎಂದು ಅದೇ ನಿಯಮಗಳು ಹೇಳುತ್ತವೆ. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದೂ ಇದೆ. ಮೇಂಟೆನನ್ಸ್ ಕಡಿಮೆ ಇಟ್ಟಿದ್ದೇವೆಂದು ವರ್ಷಗಟ್ಟಲೆ ಹೆಮ್ಮೆಪಡುತ್ತಿದ್ದ ಸೊಸೈಟಿ ನಮ್ಮದು. ಆ ಕಡಿಮೆಯ ಬಾಕಿ ಹೋಗಿ ನಿಂತದ್ದು ರಾಯರ ಮಂಚದ ಮೇಲೆ.

ಇನ್ಷೂರೆನ್ಸ್ ವಿಚಾರವನ್ನೂ ಹೇಳಿಬಿಡುತ್ತೇನೆ. ಸೊಸೈಟಿಯ ಪಾಲಿಸಿ ಇತ್ತು. ಸರ್ವೇಯರ್ ಬಂದು ಹಾರಿಹೋದ ಶೆಡ್ಡಿಗೆ ಸವಕಳಿ ಕಳೆದು ಸ್ವಲ್ಪ ಹಣ ಒಪ್ಪಿದರು. ಕೋಬಾ ಸೋರಿಕೆ ಮತ್ತು ರಾಯರ ಛಾವಣಿಗೆ ‘ಹಳೆಯದಾಗಿ ಸವೆದದ್ದು’ ಎಂದು ಏನೂ ಇಲ್ಲ. ಬಿರುಗಾಳಿಯ ಹಾನಿಗೆ ವಿಮೆ ಉಂಟು, ನಿರ್ಲಕ್ಷ್ಯದ ಹಾನಿಗೆ ಇಲ್ಲ. ಎರಡನ್ನೂ ಬಿಡಿಸಿ ತೋರಿಸಲು ಗಾಳಿಗೆ ಮೊದಲಿನ ಫೋಟೊ ಬೇಕು. ನಮ್ಮಲ್ಲಿ ಒಂದೂ ಇರಲಿಲ್ಲ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ಪಾಲಿಸಿ ಜಾರಿಗೆ ಬಂದಿದೆ. ಚಂಡಮಾರುತ, ಪ್ರವಾಹ ಎಲ್ಲ ಅದರಲ್ಲಿವೆ. ನಿಮ್ಮ ಪಾಲಿಸಿಯ ಮುಖಪುಟವನ್ನು ಒಮ್ಮೆ ತೆಗೆದು ಯಾವುದಕ್ಕೆ ಎಷ್ಟು ವಿಮೆ ಇದೆ ಎಂದು ನೋಡಿ. ಪ್ರತಿ ಮೇ ತಿಂಗಳಿನಲ್ಲಿ ಗಚ್ಚಿಯ ನಾಲ್ಕು ಫೋಟೊ ತೆಗೆದಿಡಿ. ಖರ್ಚಿಲ್ಲದ ಕೆಲಸ.

ಅಮೆರಿಕದ ಮಿನೆಸೋಟಾದಲ್ಲಿರುವ ಬಂಧುವೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರಿಗೆ ಅರ್ಥವಾಗದೆ ಹೋದದ್ದು ‘ಒಂದು ವರ್ಷ’ ಎಂಬ ಮಾತು. ಅಲ್ಲಿ ಹಿಮದ ಕಾಟ. ಮನೆಯೊಳಗಿನ ಬಿಸಿಗೆ ಮಾಡಿನ ಮೇಲಿನ ಹಿಮ ಕರಗಿ ಹರಿದು, ತಣ್ಣಗಿರುವ ಅಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಕಟ್ಟೆ ಕಟ್ಟುತ್ತದೆ. ಹಿಂದೆ ನಿಂತ ನೀರು ಒಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಆಲಿಕಲ್ಲು. ಡಾಂಬರಿನ ಶಿಂಗಲ್ಲು ಹಾಳಾದರೆ ವಿಮೆಯವರು ಬಂದು ನೋಡಿ ಹೋಗುತ್ತಾರೆ, ಕೆಲಸದವರು ಬಂದು ಹಳೆಯದನ್ನೆಲ್ಲ ಕಿತ್ತು ಒಂದೆರಡು ದಿನದಲ್ಲಿ ಹೊಸ ಮಾಡು ಹೊದಿಸುತ್ತಾರೆ. ಅವರ ಚಳಿ ನಮಗಿಲ್ಲ, ನಮ್ಮ ಮಳೆ ಅವರಿಗಿಲ್ಲ. ಆದರೆ ದೊಡ್ಡಪ್ಪನ ಮನೆಗೂ ಅವರ ಮನೆಗೂ ಒಂದು ಸಾಮ್ಯ ಇದೆ: ಮಾಡಿನ ಕೆಳಗೆ ಮಲಗುವವನೇ ಮಾಡಿನ ಯಜಮಾನ. ನಮ್ಮ ಗಚ್ಚಿಗೆ 28 ಯಜಮಾನರು, ನೆನೆಯುವವರು ನಾಲ್ಕು ಮನೆಯವರು.

2022ರ ಜನವರಿಯಲ್ಲಿ ಕೊನೆಗೂ ನಿರ್ಣಯವಾಯಿತು. ಏಳು ಲಕ್ಷ ಚಿಲ್ಲರೆ. 28 ಮನೆಗೂ ಸಮಪಾಲು. ಹಳೆಯ ಕೋಬಾ ಪೂರ್ತಿ ಒಡೆದು ಹೊಸದು, ಶೆಡ್ ಬೇಡ. ಫೆಬ್ರವರಿಯಲ್ಲಿ ಕೆಲಸ ಶುರು. ಬಂದ ಗುಂಪಿನಲ್ಲಿ ಒಬ್ಬ ನನ್ನ ಫೋನಿನ ಮಾತು ಕೇಳಿಸಿಕೊಂಡು, “ಸರ, ನೀವು ಕನ್ನಡದವ್ರೇನ್ರಿ?” ಎಂದ. ಯಾದಗಿರಿ ಕಡೆಯವನು. ಮುಂಬೈಯ ನಾಕಾಗಳಲ್ಲಿ ಬೆಳಗ್ಗೆ ಎಂಟು ಗಂಟೆಗೆ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಎಷ್ಟು ಕೇಳುತ್ತದೆ ಎಂಬುದು ಮಾಟುಂಗಾ, ಡೊಂಬಿವಲಿಯ ನಮ್ಮ ಸಂಘಗಳ ಕಾರ್ಯಕ್ರಮಗಳಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಆ ಕೆಲಸ ನನಗೆ ಅರ್ಥವಾದದ್ದು ಅವನಿಂದ. ದಾರ ಕಟ್ಟಿ ಇಳಿಜಾರು ನೋಡುತ್ತ ಹೇಳಿದ, “ನೀರಿಗಿ ದಾರಿ ಮಾಡಿ ಕೊಡ್ಬೇಕ್ರಿ ಸರ. ತಡದ್ರ ಅದು ತನ್ನ ದಾರಿ ತಾನ ಹುಡುಕ್ತದ.” ಅವರ ಊರಿನದ್ದು ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹರಡಿ ಮೆಟ್ಟುತ್ತಾರೆ. ಮಳೆ ಬಂದರೆ ಬೆಳಕಿಂಡಿಗೆ ಮುಚ್ಚಳ. ಗಾರೆಗೆ ನೀರು ಹೆಚ್ಚು ಹಾಕಿದ ಹುಡುಗನಿಗೆ ಅವನು ಬೈದದ್ದು ನಮ್ಮ ಸೂಪರ್‌ವೈಸರಿಗೆ ಕಾಣಿಸಲೇ ಇಲ್ಲ. ಅವನ ಗಮನ ಫೋಟೊ ತೆಗೆದು ಗ್ರೂಪಿಗೆ ಹಾಕುವುದರಲ್ಲಿತ್ತು. ವಾಟಾ ಮೆತ್ತುವಾಗ ಮಾತ್ರ ಅವನು ಯಾರ ಕೈಗೂ ಕರಣೆ ಕೊಡಲಿಲ್ಲ.

ನೀರು ಹೊರಹೋಗುವ ತೂತುಗಳನ್ನೆಲ್ಲ ಕಟ್ಟಿ ಮೂರು ದಿನ ಗಚ್ಚಿಯ ತುಂಬ ನೀರು ನಿಲ್ಲಿಸಿದರು. ರಾಯರು ದಿನಕ್ಕೆ ಹತ್ತು ಸಲ ಕೋಣೆಗೆ ಹೋಗಿ ಮೇಲೆ ನೋಡುತ್ತಿದ್ದರಂತೆ. ಹನಿ ಬೀಳಲಿಲ್ಲ. ತುಕ್ಕು ಕೆರೆದು, ಸರಳಿಗೆ ಲೇಪ ಬಳಿದು, ಛಾವಣಿಗೆ ಹೊಸ ಗಿಲಾವು ಹಾಕಿದ್ದು ಏಪ್ರಿಲಿನಲ್ಲಿ. ಬಣ್ಣವನ್ನು ಒಂದು ಮಳೆಗಾಲ ಕಳೆದ ಮೇಲೆ ಹೊಡೆಯೋಣ ಎಂದರು ರಾಯರು. ಕಂಟ್ರಾಕ್ಟರ್ ಹತ್ತು ವರ್ಷದ ಗ್ಯಾರಂಟಿಯನ್ನು ನೂರು ರೂಪಾಯಿ ಛಾಪಾ ಕಾಗದದ ಮೇಲೆ ಬರೆದುಕೊಟ್ಟ. ಸೆಕ್ರೆಟರಿ ಅದನ್ನು ಲ್ಯಾಮಿನೇಟ್ ಮಾಡಿಸಿದ್ದಾರೆ.

ಹಾರಿಬಿದ್ದ ಪತ್ರಾಗಳು ಅಷ್ಟು ದಿನ ಗಚ್ಚಿಯ ಮೂಲೆಯಲ್ಲೇ ಬಿದ್ದಿದ್ದವು. ಯಾದಗಿರಿಯವನು ಕೆಲಸ ಮುಗಿದ ದಿನ ಬಂದು, “ನಾಲ್ಕು ಪತ್ರಾ ಕೊಡ್ತೀರೇನ್ರಿ?” ಎಂದು ಕೇಳಿದ. ಭಾಂಡೂಪಿನ ಗುಡ್ಡದ ಬದಿಯಲ್ಲಿ ಅವನ ಖೋಲಿ. ತೌಕ್ತೆಗೆ ಅವನ ಮಾಡೂ ಹೋಗಿತ್ತು, ಆಗಿನಿಂದ ತಾಡಪತ್ರಿ ಹೊದಿಸಿ ಮೇಲೆ ಟೈರು, ಕಲ್ಲು ಇಟ್ಟಿದ್ದನಂತೆ. ಗುಜರಿಗೆ ಹಾಕಿದರೆ ಕಿಲೋಗೆ ಎಷ್ಟು ಬರುತ್ತದೆ ಎಂದು ಕಮಿಟಿಯಲ್ಲಿ ಅದಕ್ಕೂ ಒಂದು ಚರ್ಚೆ ನಡೆಯಿತು. ಕೊನೆಗೆ ಆರು ಕೊಟ್ಟೆವು. ಅವನು ಪ್ರತಿಯೊಂದನ್ನೂ ಬಿಸಿಲಿಗೆ ಎತ್ತಿ ಹಿಡಿದು, ಹಳೆಯ ಹುಕ್ಕಿನ ತೂತು ಅಗಲವಾಗದೆ ಇರುವಂಥವನ್ನೇ ಆರಿಸಿಕೊಂಡ. ಟೆಂಪೊ ಬಂದ ಮೇಲೆ ಕೆಳಗಿನಿಂದ ಫೋನ್ ಮಾಡಿ, ಅಂಚಿಗೆ ಎಷ್ಟು ಅಂತರಕ್ಕೆ ಸ್ಕ್ರೂ ಹೊಡೆಯಬೇಕೆಂದು ಸಭೆಯಲ್ಲಿ ಹೇಳಿದ್ದಿರಂತಲ್ಲ, ಅದನ್ನೊಂದು ವಾಟ್ಸಾಪ್ ಮಾಡಿ ಎಂದ.